ನಾಲ್ಕೂವರೆ ಸುತ್ತಿನ ಕಾಂಟೆಸ್ಸಾ

ನಮ್ಮೂರಲ್ಲಿ ಹಳೇ ಕಾರು ನೋಡೋಕೆ ಹೋದವರು ಕೇಳುವುದು ಎರಡೇ ಪ್ರಶ್ನೆ. ಪಿಕಪ್ ಹೇಗಿದೆ? ಮೈಲೇಜ್ ಎಷ್ಟು ಕೊಡುತ್ತೆ? ಕೇಳಿದ ತಕ್ಷಣ ಮಾರುವವರೂ ಕೊಳ್ಳುವವರೂ ಸೇರಿ ಬಾನೆಟ್ ಎತ್ತುತ್ತಾರೆ. ಹಿಂದಿನ ಚಕ್ರದ ಮೇಲೆ ಓಡುವ ಕಾರಾದರೆ ಅರ್ಧ ಉತ್ತರ ಇರುವುದು ಬಾನೆಟ್ ಕೆಳಗಲ್ಲ, ಕಾರಿನ ಹಿಂಭಾಗದಲ್ಲಿ. ಬಗ್ಗಿ ನೋಡಿದರೆ ಎರಡು ಹಿಂಚಕ್ರಗಳ ನಡುವೆ ತೆಂಗಿನಕಾಯಿಯ ಹಾಗೆ ಉಬ್ಬಿಕೊಂಡ ಒಂದು ಕಬ್ಬಿಣದ ಗುಂಡು ಕಾಣುತ್ತದೆ. ಮೆಕ್ಯಾನಿಕ್‌ಗಳು ಅದನ್ನು ಹೌಸಿಂಗ್ ಅಂತಾರೆ.

ಅದರೊಳಗಿರುವುದು ಸರಳ ಸಂಗತಿ. ಗೇರ್‌ಬಾಕ್ಸ್‌ನಿಂದ ಬರುವ ಉದ್ದನೆಯ ಶಾಫ್ಟ್‌ನ ತುದಿಗೆ ಒಂದು ಪುಟ್ಟ ಪಿನಿಯನ್, ಅದಕ್ಕೆ ಕಚ್ಚಿಕೊಂಡ ದೊಡ್ಡ ಕ್ರೌನ್. ಪಿನಿಯನ್‌ಗೆ 10 ಹಲ್ಲು, ಕ್ರೌನ್‌ಗೆ 39 ಹಲ್ಲು ಇದ್ದರೆ ಶಾಫ್ಟ್ 3.9 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. 9ಕ್ಕೆ 41 ಇದ್ದರೆ ಸುಮಾರು ನಾಲ್ಕೂವರೆ ಸುತ್ತು. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಆದರೆ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಕೂಗಬೇಕು. ಚಿಕ್ಕದಾದಷ್ಟೂ ಹೈವೇಯಲ್ಲಿ ನೆಮ್ಮದಿ, ಸಿಗ್ನಲ್ಲಿನಿಂದ ಹೊರಡುವಾಗ ಸೋಮಾರಿತನ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಅಮೆರಿಕದ ಮಸಲ್ ಕಾರುಗಳ ಕಾಲದಲ್ಲಿ, ಅಂದರೆ ಪಾಂಟಿಯಾಕ್ ಜಿಟಿಒ, ಫೋರ್ಡ್ ಮಸ್ಟಾಂಗ್ ಬಂದ 1964ರ ಆಸುಪಾಸಿನಲ್ಲಿ, ಶೋರೂಮಿನಲ್ಲೇ ಈ ಸಂಖ್ಯೆಯನ್ನು ಆರಿಸಿಕೊಳ್ಳಬಹುದಿತ್ತು. ದೂರ ಪ್ರಯಾಣದವರಿಗೆ 3.08ರಂಥದ್ದು, ಕಾಲು ಮೈಲಿ ರೇಸಿನ ಹುಚ್ಚಿನವರಿಗೆ 4.10ರಂಥದ್ದು. ನಾವು ಇವತ್ತು ಲ್ಯಾಪ್‌ಟಾಪಿಗೆ ರ‍್ಯಾಮ್ ಎಷ್ಟು ಬೇಕು ಅಂತ ತಲೆ ಕೆಡಿಸಿಕೊಳ್ಳುತ್ತೇವಲ್ಲ, ಹಾಗೆ.

ನಮ್ಮ ದೇಶದಲ್ಲಿ ಜನ ಮಸಲ್ ಕಾರ್ ಅಂತ ಪ್ರೀತಿಯಿಂದ ಕರೆದದ್ದು ಹಿಂದೂಸ್ತಾನ್ ಕಾಂಟೆಸ್ಸಾವನ್ನು. ಬ್ರಿಟನ್ನಿನ ವಾಕ್ಸ್‌ಹಾಲ್ ಕಾರೊಂದರ ಮೈಕಟ್ಟು, ಉದ್ದ ಮೂತಿ, ಅಗಲ ಭುಜ. ಪಶ್ಚಿಮ ಬಂಗಾಳದ ಉತ್ತರಪಾರದಲ್ಲಿ ತಯಾರಾಗಿ 1984ರಲ್ಲಿ ಮಾರುಕಟ್ಟೆಗೆ ಬಂದಾಗ ಅದರೊಳಗೆ ಇದ್ದದ್ದು ಅಂಬಾಸಿಡರ್‌ನ ಒಂದೂವರೆ ಲೀಟರ್ ಎಂಜಿನ್. ಪೈಲ್ವಾನನ ಮೈ, ಗುಮಾಸ್ತನ ಉಸಿರು. ಆಮೇಲೆ ಇಸುಜುವಿನ 1.8 ಲೀಟರ್ ಪೆಟ್ರೋಲ್ ಎಂಜಿನ್, ಐದು ಗೇರು ಬಂದ ಮೇಲೆ ಸ್ವಲ್ಪ ಮರ್ಯಾದೆ ಉಳಿಯಿತು. 2002ಕ್ಕೆ ತಯಾರಿಕೆ ನಿಂತಿತು. ಈಗ ಒಂದು ರಸ್ತೆಗೆ ಬಂದರೆ ಬಿಎಂಡಬ್ಲ್ಯೂನವರೂ ಕಿಟಕಿ ಇಳಿಸಿ ನೋಡ್ತಾರೆ.

ನನ್ನ ಹತ್ತಿರ ಇರುವುದು ಅಂಥ ಒಂದು 1.8. ನಮ್ಮ ಸೋದರಮಾವನದು. ಮಾವ 1987ರಿಂದ ಪೀಣ್ಯ ಎರಡನೇ ಹಂತದಲ್ಲಿ ಬಾಡಿಗೆ ಶೆಡ್‌ನಲ್ಲಿ ಗೇರ್ ಕತ್ತರಿಸುವ ಸಣ್ಣ ಕಾರ್ಖಾನೆ ನಡೆಸಿದವರು. ಎರಡು ಹಾಬಿಂಗ್ ಮಷೀನು, ಒಂದು ಲೇತು, ಮೂರು ಜನ ಹುಡುಗರು. 2001ರಲ್ಲಿ ಒಬ್ಬ ಡಾಕ್ಟರಿಂದ ಸೆಕೆಂಡ್ ಹ್ಯಾಂಡ್ ಆಗಿ ಈ ಕಾರು ಕೊಂಡರು. ನಮ್ಮ ಇಡೀ ಬಂಧುಬಳಗದಲ್ಲಿ ಅಷ್ಟು ಉದ್ದದ ಕಾರು ಬೇರೆ ಇರಲಿಲ್ಲ. ಮದುವೆ ಮನೆಗೆ ಮಾವ ಬಂದರೆ ಅಂದರೆ ಪಾರ್ಕಿಂಗಿಗೆ ಎರಡು ಜಾಗ ಬಿಡಬೇಕಿತ್ತು. ಎರಡು ವರ್ಷದ ಹಿಂದೆ ಕಣ್ಣು ಮಂಜಾಗಿ ರಾತ್ರಿ ಓಡಿಸುವುದು ಬಿಟ್ಟರು, ಆಮೇಲೆ ಹಗಲೂ ಬಿಟ್ಟರು. ಕೀ ನನ್ನ ಕೈಗೆ ಕೊಟ್ಟು, "ನಿಂಗೆ ಇಷ್ಟ ಅಲ್ವೇನಮ್ಮ, ಇಟ್ಕೋ" ಅಂದರು.

ವೈಟ್‌ಫೀಲ್ಡಿಗೆ ತಂದ ಮೊದಲ ಭಾನುವಾರವೇ ಒಂದು ವಿಚಿತ್ರ ಗಮನಕ್ಕೆ ಬಂತು. ಸ್ಪೀಡೋಮೀಟರ್ ಮುಳ್ಳು 80 ತೋರಿಸುವಾಗ ಫೋನಿನ ಜಿಪಿಎಸ್ 68, 69 ಅನ್ನುತ್ತಿತ್ತು. ಹಳೇ ಮೀಟರು ಸ್ವಲ್ಪ ಜಾಸ್ತಿ ತೋರಿಸುವುದು ಸಹಜ, ಆದರೆ ಇಷ್ಟಲ್ಲ. ಅದೂ ಯಾವ ವೇಗದಲ್ಲಿ ನೋಡಿದರೂ ಅದೇ ಅನುಪಾತ. ಇಂಥ ಕಾರಿನಲ್ಲಿ ಮೀಟರಿನ ಕೇಬಲ್ ಲೆಕ್ಕ ಹಿಡಿಯುವುದು ಗೇರ್‌ಬಾಕ್ಸಿನ ಹಿಂದುಗಡೆಯಿಂದ, ಚಕ್ರದಿಂದಲ್ಲ. ಹಾಗಾಗಿ ಹೌಸಿಂಗ್ ಒಳಗಿನ ಹಲ್ಲಿನ ಸಂಖ್ಯೆ ಬದಲಾದರೆ ಮೀಟರಿಗೆ ಅದು ಗೊತ್ತಾಗುವುದೇ ಇಲ್ಲ.

ನೋಡಿಯೇ ಬಿಡೋಣ ಅಂತ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಮುಂಚಕ್ರಗಳಿಗೂ ನೆಲದ ಮೇಲುಳಿಯುವ ಹಿಂಚಕ್ರಕ್ಕೂ ಕಲ್ಲು ಕೊಟ್ಟು, ಇನ್ನೊಂದು ಹಿಂಚಕ್ರವನ್ನು ಜ್ಯಾಕ್ ಹಾಕಿ ಎತ್ತಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟಿದೆ. ಶಾಫ್ಟಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಎತ್ತಿದ ಚಕ್ರವನ್ನು ಪೂರ್ತಿ ಎರಡು ಸುತ್ತು ತಿರುಗಿಸಿದೆ. ಒಂದು ಚಕ್ರ ನೆಲ ಕಚ್ಚಿರುವಾಗ ಎತ್ತಿದ ಚಕ್ರದ ಎರಡು ಸುತ್ತು ಕ್ರೌನಿನ ಒಂದು ಸುತ್ತಿಗೆ ಸಮ. ಶಾಫ್ಟಿನ ಗುರುತು ನಾಲ್ಕು ಸಲ ಬಂದು ಅರ್ಧಕ್ಕಿಂತ ಸ್ವಲ್ಪ ಮುಂದೆ ನಿಂತಿತು. ನಾಲ್ಕೂವರೆ. ಸೆಕ್ಯುರಿಟಿಯವರು ಬಂದು "ಪಂಚರಾ ಮೇಡಂ?" ಅಂತ ಕೇಳಿ ಹೋದರು.

ಫೋನ್ ಮಾಡಿದೆ. ಮಾವ ನಕ್ಕರು. "ಅದು 9-41. ನಾನೇ ಹಾಕ್ಸಿದ್ದು. ಮುಂಚೆ ಇದ್ದದ್ದು 10-39. ಅಟ್ಟದ ಮೇಲೆ ಗೋಣಿಚೀಲದಲ್ಲಿದೆ, ಎಣ್ಣೆ ಪೇಪರ್ ಸುತ್ತಿ ಇಟ್ಟಿದೀನಿ. ಬೇಕಾದ್ರೆ ತಗೊಂಡೋಗು."

ಹೀಗೆ ನನ್ನ ಮುಂದೆ ಆಯ್ಕೆ ಬಂದು ಕೂತಿತು. ಹೊಸ ಜೋಡಿ ಮಾಡಿಸುವ ಮಾತಂತೂ ಇರಲಿಲ್ಲ. ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ನೇರ ಹಲ್ಲು, ಓರೆ ಹಲ್ಲು ಎಲ್ಲ ಕತ್ತರಿಸುತ್ತಾರೆ. ಕ್ರೌನ್-ಪಿನಿಯನ್ನಿನ ಬಾಗಿದ ಹಲ್ಲು ಬೇರೆಯದೇ ವಿದ್ಯೆ. ಪಿನಿಯನ್ನು ಕ್ರೌನಿನ ನಡುಗೆರೆಗಿಂತ ಸ್ವಲ್ಪ ಕೆಳಗೆ ಕೂರುವ ಈ ಬಗೆಗೆ ಹೈಪಾಯ್ಡ್ ಅಂತ ಹೆಸರು. ಹಾಗೆ ಕೂರುವುದರಿಂದಲೇ ಶಾಫ್ಟ್ ಕೆಳಗಿಳಿದು ಕಾರಿನ ನೆಲವನ್ನೂ ತಗ್ಗಿಸಬಹುದು. ಅದನ್ನು ಕತ್ತರಿಸಲು ವಿಶೇಷ ಯಂತ್ರ ಬೇಕು. ಆ ಯಂತ್ರಗಳಿಗೆ ಜಗತ್ತಿನಾದ್ಯಂತ ಹೆಸರಾದದ್ದು ಅಮೆರಿಕದ ಗ್ಲೀಸನ್ ಕಂಪನಿ. 1874ರಲ್ಲಿ ಬೆವೆಲ್ ಗೇರ್ ಕತ್ತರಿಸುವ ಯಂತ್ರ ಮಾಡಿದ ವಿಲಿಯಂ ಗ್ಲೀಸನ್‌ನಿಂದ ಶುರುವಾದದ್ದು. ಅದರ ಭಾರತದ ಶಾಖೆಯ ವಿಳಾಸ ನಮ್ಮ ವೈಟ್‌ಫೀಲ್ಡ್ ರಸ್ತೆಯ ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶ. ಐಟಿ ಬಸ್ಸಿನಲ್ಲಿ ಕೂತು ನಾವು ದಾಟಿಹೋಗುವ ಬೋರ್ಡುಗಳಲ್ಲಿ ಎಂಥೆಂಥವಿರುತ್ತವೆ ನೋಡಿ. ಲಾರಿಗಳಿಗೆ ಆಕ್ಸಲ್ ಮಾಡುವ ದೊಡ್ಡ ಕಾರ್ಖಾನೆಯೂ ನಮ್ಮಲ್ಲೇ ಇದೆ, ಮೈಸೂರಿನ ಹೂಟಗಳ್ಳಿಯ ಆಟೋಮೋಟಿವ್ ಆಕ್ಸಲ್ಸ್. ಆದರೆ ಅವರ್ಯಾರೂ ಒಂದು ಹಳೇ ಕಾಂಟೆಸ್ಸಾಗೆ ಒಂದೇ ಒಂದು ಜೋಡಿ ಮಾಡಿಕೊಡಲ್ಲ. ಕ್ರೌನು, ಪಿನಿಯನ್ನು ಒಂದಕ್ಕೊಂದು ಉಜ್ಜಿ ಹದ ಮಾಡಿದ ಜೋಡಿಗಳು. ಎರಡರ ಮೇಲೂ ಒಂದೇ ನಂಬರ್ ಗೀರಿರುತ್ತಾರೆ. ಗುಜರಿಯಲ್ಲಿ ಒಂದು ಕಡೆ ಕ್ರೌನ್, ಇನ್ನೊಂದು ಕಡೆ ಪಿನಿಯನ್ ತಂದು ಕೂಡಿಸಿದರೆ ಗೋಳಾಟ ಗ್ಯಾರಂಟಿ.

ಹಲ್ಲಿನ ಸಂಖ್ಯೆ 10-40 ಅಂತ ನೀಟಾಗಿ ಯಾಕಿಲ್ಲ ಅಂತ ನಿಮಗೂ ಅನ್ನಿಸಿರಬಹುದು. ಹಾಗಿಟ್ಟರೆ ಪಿನಿಯನ್ನಿನ ಒಂದು ಹಲ್ಲಿಗೆ ಜೀವಮಾನವಿಡೀ ಕ್ರೌನಿನ ಅದೇ ನಾಲ್ಕು ಹಲ್ಲುಗಳ ಸಹವಾಸ. ಒಂದರಲ್ಲಿ ಊನವಿದ್ದರೆ ಅದೇ ನಾಲ್ಕು ಪದೇ ಪದೇ ಪೆಟ್ಟು ತಿನ್ನಬೇಕು. 9-41, 10-39 ಆದರೆ ಪ್ರತಿ ಹಲ್ಲೂ ಸರದಿಯ ಮೇಲೆ ಪ್ರತಿ ಹಲ್ಲನ್ನೂ ಮುಟ್ಟುತ್ತದೆ, ಸವೆತ ಎಲ್ಲರಿಗೂ ಹಂಚಿಹೋಗುತ್ತದೆ.

ನಾನು ಮಾಡುವುದು ಐಟಿ ಕೆಲಸ, ಹಾಗಾಗಿ ಮೊದಲು ತೆರೆದದ್ದು ಎಕ್ಸೆಲ್ ಶೀಟ್. ನನ್ನ ಕಾರಿಗಿರುವ 185/70 ಆರ್13 ಟಯರಿನ ಸುತ್ತಳತೆ ಸುಮಾರು 1.85 ಮೀಟರ್. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಹತ್ತಿರ ಹತ್ತಿರ 900 ಸುತ್ತು. ನಾಲ್ಕನೇ ಗೇರಿನಲ್ಲಿ ಎಂಜಿನ್ನು, ಶಾಫ್ಟು ಒಂದಕ್ಕೊಂದು. ಅಂದರೆ 9-41ರಲ್ಲಿ ಎಂಜಿನ್ 4,100 ಸುತ್ತು, 10-39ರಲ್ಲಿ 3,510. ಹೆಚ್ಚುಕಡಿಮೆ 600 ಸುತ್ತಿನ ವ್ಯತ್ಯಾಸ, ಪ್ರತಿ ನಿಮಿಷಕ್ಕೆ. ಐದನೇ ಗೇರಿಗೆ ಹಾಕಿದರೆ ಎರಡೂ ಇಳಿಯುತ್ತವೆ, ಅನುಪಾತ ಮಾತ್ರ ಅದೇ. ಇನ್ನೊಂದು ಕಡೆ, 10-39 ಹಾಕಿದರೆ ಚಕ್ರಕ್ಕೆ ತಲುಪುವ ಎಳೆತದಲ್ಲಿ ಶೇ 14ರಷ್ಟು ಖೋತಾ. ಕಾಂಟೆಸ್ಸಾದಂಥ ಭಾರದ ಗಾಡಿಗೆ ಅದು ಸಣ್ಣ ಮಾತಲ್ಲ.

ಶೀಟು ತಗೊಂಡು ಮೆಟ್ರೋ ಹತ್ತಿದೆ. ಕಾಡುಗೋಡಿಯಿಂದ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಪೀಣ್ಯ. ಮಾವ ಶೀಟನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ಪಕ್ಕಕ್ಕಿಟ್ಟರು. "ಲೆಕ್ಕ ಸರಿಯಾಗಿದೆ. ಆದ್ರೆ ಗೇರ್ ಹಾಕೋದು ಎಂಜಿನ್ ನೋಡಿ ಅಲ್ಲಮ್ಮ, ಲೋಡ್ ನೋಡಿ. ನಿನ್ನ ಲೋಡ್ ಏನು?"

ನಿಮ್ಮ ಲೋಡ್ ಏನಿತ್ತು ಮಾವ, ಅಂದೆ.

ಆಗ ಹೇಳಿದರು. 2008ರ ಕೊನೆಗೆ ಆರ್ಥಿಕ ಕುಸಿತ ಬಂದಾಗ ಆರ್ಡರ್ ನಿಂತುಹೋದವು. ಕರೆಂಟ್ ಬಿಲ್ಲು, ಹುಡುಗರ ಸಂಬಳ, ಬಾಡಿಗೆ ಯಾವುದೂ ನಿಲ್ಲಲಿಲ್ಲ. ಮಾಲು ಸಾಗಿಸುವ ಟೆಂಪೋ ಮಾರಿದರು. ಬೊಮ್ಮಸಂದ್ರದಲ್ಲಿದ್ದ ಒಬ್ಬ ಗಿರಾಕಿ ಮಾತ್ರ ಕೆಲಸ ಕೊಡುತ್ತಿದ್ದರು. ಪೀಣ್ಯದಿಂದ ಊರಿನ ಈ ತುದಿಯಿಂದ ಆ ತುದಿಗೆ. ವಾರಕ್ಕೆ ಮೂರು ಸಲ ಡಿಕ್ಕಿಯಲ್ಲಿ, ಹಿಂದಿನ ಸೀಟಿನ ಕಾಲ ಬಳಿ, ಸೇರಿ ಇನ್ನೂರೈವತ್ತು ಕಿಲೋ ಗೇರ್ ತುಂಬಿಕೊಂಡು ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಹೋಗಿಬರುತ್ತಿದ್ದರು. ಎಲೆಕ್ಟ್ರಾನಿಕ್ ಸಿಟಿಯ ಫ್ಲೈಓವರ್ ತೆರೆದದ್ದು 2010ರ ಜನವರಿಯಲ್ಲಿ. ಅದಕ್ಕೂ ಮುಂಚಿನ ಮಾತು ಇದು. ನಿಲ್ಲು, ಹೊರಡು, ನಿಲ್ಲು, ಹೊರಡು. ಪ್ರತಿ ಸಲ ಹೊರಡುವಾಗಲೂ ಆ ಭಾರಕ್ಕೆ ಕ್ಲಚ್ಚನ್ನು ಅರ್ಧ ಹಿಡಿದು ಎಳೆಯಬೇಕು. ಆರು ತಿಂಗಳಲ್ಲಿ ಎರಡು ಕ್ಲಚ್ ಪ್ಲೇಟ್ ಸುಟ್ಟವು. ಮೂರನೇದಕ್ಕೆ ದುಡ್ಡಿರಲಿಲ್ಲ. ಪರಿಚಯದ ಗುಜರಿಯವರ ಹತ್ತಿರ 9-41 ಜೋಡಿ ಸಿಕ್ಕಿತು. ತಾವೇ ಕೂತು ಹೊಂದಿಸಿದರು. ಶೇ 17ರಷ್ಟು ಎಳೆತ ಜಾಸ್ತಿ ಆಯಿತು, ಕ್ಲಚ್ ಉಳಿಯಿತು.

ನಾವೆಲ್ಲ ಅದನ್ನು ಶೋಕಿ ಕಾರು ಅಂದುಕೊಂಡಿದ್ದೆವು. ಅತ್ತೆ ಮಾತ್ರ ಪಕ್ಕದಿಂದ, "ಅದಕ್ಕೇ ಮದುವೆಗೆ ಹೋದಾಗೆಲ್ಲ ನನ್ನ ರೇಷ್ಮೆ ಸೀರೆ ಎಣ್ಣೆ ವಾಸನೆ ಬರ್ತಿತ್ತು" ಅಂದರು. "ಇವರು 80ರಲ್ಲಿ ಓಡಿಸ್ತಾರೆ ಅಂತ ದೇವರ ಮೇಲೆ ಭಾರ ಹಾಕಿ ಕೂತಿರ್ತಿದ್ದೆ." ಪಾಪ, ನಿಜಕ್ಕೂ ಅದು 68.

ಇಷ್ಟಾಗುವಾಗ ವಿಷಯಕ್ಕೆ ಮೂರನೆಯವರು ಸೇರಿಕೊಂಡರು. ಮಾವನ ಮಗ ಅಮೆರಿಕದ ಮಿಶಿಗನ್‌ನಲ್ಲಿದ್ದಾನೆ, ಅವನೂ ಕಾರು ಹುಚ್ಚ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ತೀರ್ಪು ಕೊಟ್ಟ: "9-41 ತೆಗೀಬೇಡ ಕಣೇ. ಮಸಲ್ ಕಾರ್ ಅಂದ್ರೆ ಕೂಗಬೇಕು. ಅದರ ಜೊತೆ ಒಂದು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕ್ಸು." ಗುಜರಿಯ ಒಬ್ಬ ಹುಡುಗ ಇನ್ನೂ ಅಗ್ಗದ ದಾರಿ ಹೇಳಿದ್ದ: "ಒಳಗಡೆ ವೆಲ್ಡಿಂಗ್ ಹೊಡೆಸಿಬಿಡಿ ಅಕ್ಕ, ಎರಡು ಚಕ್ರನೂ ಒಟ್ಟಿಗೆ ತಿರುಗುತ್ತೆ, ಸಖತ್ ಡ್ರಿಫ್ಟ್."

ಡಿಫರೆನ್ಷಿಯಲ್ ಯಾಕಿದೆ ಅಂತ ಒಂದು ಯೂ-ಟರ್ನ್ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಹಿಂಚಕ್ರಗಳ ನಡುವೆ ಸುಮಾರು 1.4 ಮೀಟರ್ ಅಂತರ ಇದೆ ಅಂದುಕೊಳ್ಳಿ. ಪೂರ್ತಿ ಯೂ-ಟರ್ನ್ ಹೊಡೆದಾಗ ಹೊರಗಿನ ಚಕ್ರ ಒಳಗಿನದ್ದಕ್ಕಿಂತ 4.4 ಮೀಟರ್ ಹೆಚ್ಚು ಓಡಬೇಕು. ನನ್ನ ಟಯರಿಗೆ ಅದು ಎರಡು ಸುತ್ತಿಗಿಂತ ಜಾಸ್ತಿ. ಎತ್ತಿನ ಗಾಡಿಗೆ ಈ ಸಮಸ್ಯೆಯಿಲ್ಲ, ಅಚ್ಚಿನ ಮೇಲೆ ಎರಡೂ ಗಾಲಿ ತಮ್ಮಷ್ಟಕ್ಕೆ ತಿರುಗುತ್ತವೆ. ಎಂಜಿನ್ನೇ ಚಕ್ರ ತಿರುಗಿಸುವ ಗಾಡಿಯಲ್ಲಿ ಆ ಸ್ವಾತಂತ್ರ್ಯ ಕೊಡುವುದು ಕ್ರೌನಿನ ನಡುವೆ ಕೂತ ಪುಟ್ಟ ಬೆವೆಲ್ ಗೇರುಗಳು. 1820ರ ದಶಕದ ಕೊನೆಗೆ ಫ್ರಾನ್ಸಿನ ಪೆಕ್ಯೂರ್ ಎಂಬಾತ ಉಗಿಬಂಡಿಗಾಗಿ ಇದನ್ನು ಹೊಂದಿಸಿದ.

ಅದರ ದೌರ್ಬಲ್ಯವೂ ಅಲ್ಲೇ ಇದೆ. ಒಂದು ಚಕ್ರ ಕೆಸರಿಗೆ ಬಿದ್ದು ಜಾರಿದರೆ ಶಕ್ತಿಯೆಲ್ಲ ಸುಮ್ಮನೆ ಅದನ್ನೇ ತಿರುಗಿಸುತ್ತದೆ, ಗಟ್ಟಿ ನೆಲದ ಮೇಲಿನ ಚಕ್ರ ನಿಂತೇ ಇರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡ್ ಮುಳುಗಿ ನಮ್ಮವರೆಲ್ಲ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದರಲ್ಲ. ಟ್ರ್ಯಾಕ್ಟರ್ ಡ್ರೈವರ್ ಕಾಲ ಬಳಿ ಡಿಫರೆನ್ಷಿಯಲ್ ಲಾಕ್ ಪೆಡಲ್ ಇರುತ್ತದೆ. ಕೆಸರಲ್ಲಿ ಒತ್ತಬೇಕು, ಗಟ್ಟಿ ರಸ್ತೆಗೆ ಬಂದು ತಿರುಗಿಸುವ ಮುಂಚೆ ಬಿಡಬೇಕು. ಲಿಮಿಟೆಡ್ ಸ್ಲಿಪ್ ಅನ್ನುವುದು ಇವೆರಡರ ನಡುವಿನ ರಾಜಿ. ಅದರೊಳಗಿನ ಕ್ಲಚ್ ಪ್ಲೇಟುಗಳು ಒಂದು ಚಕ್ರ ತೀರಾ ಓಡಿಹೋಗದಂತೆ ತಡೆದು ಇನ್ನೊಂದಕ್ಕೂ ಪಾಲು ಕೊಡುತ್ತವೆ. ಷೆವರ್ಲೆ ಇದಕ್ಕೆ ಪಾಸಿಟ್ರ್ಯಾಕ್ಷನ್ ಅಂತ ಹೆಸರಿಟ್ಟಿತ್ತು. 1992ರ 'ಮೈ ಕಸಿನ್ ವಿನ್ನಿ' ಸಿನಿಮಾದಲ್ಲಿ ಇಡೀ ಕೊಲೆ ಕೇಸು ಬಿದ್ದುಹೋಗುವುದು ಇದೇ ಪಾಸಿಟ್ರ್ಯಾಕ್ಷನ್ ಮೇಲೆ. ನೋಡಿರದಿದ್ದರೆ ನೋಡಿ, ಕೋರ್ಟಿನಲ್ಲಿ ಆ ಹುಡುಗಿ ಕಾರಿನ ಬಗ್ಗೆ ಹೇಳುವ ಸಾಕ್ಷಿ ನನಗೆ ಬಹಳ ಇಷ್ಟ.

ಆರೇಳು ಲೀಟರ್ ಎಂಜಿನ್ನಿಗೆ ಅದು ಬೇಕು, ಆಕ್ಸಿಲರೇಟರ್ ತುಳಿದರೆ ಒಣ ರಸ್ತೆಯಲ್ಲೂ ಚಕ್ರ ಜಾರುತ್ತದೆ. ನನ್ನ ಕಾರು ಹೊಸದಿದ್ದಾಗಲೇ ತೊಂಬತ್ತು ಅಶ್ವಶಕ್ತಿ ಮುಟ್ಟದ ಪ್ರಾಣಿ. ಅದು ಜಾರುವುದು ಮಳೆಯಲ್ಲಿ ನಾನು ಬುದ್ಧಿಯಿಲ್ಲದೆ ತುಳಿದರೆ ಮಾತ್ರ. ವೆಲ್ಡಿಂಗ್ ವಿಷಯಕ್ಕೆ ಮಾವ ಒಂದೇ ಮಾತು ಹೇಳಿದರು: "ಎರಡೂ ಎತ್ತು ಒಂದೇ ಹೆಜ್ಜೆ ಹಾಕಲಿ ಅಂದ್ರೆ ಗಾಡಿ ತಿರುಗುತ್ತಾ?" ಬೆಸುಗೆ ಹಾಕಿದ ಹೌಸಿಂಗಿನಲ್ಲಿ ಪ್ರತಿ ತಿರುವಿನಲ್ಲೂ ಒಂದು ಟಯರ್ ಉಜ್ಜಿಕೊಂಡು ಜಾರಲೇಬೇಕು, ಇಲ್ಲದಿದ್ದರೆ ಆಕ್ಸಲ್ ಶಾಫ್ಟ್ ತಿರುಚಿಕೊಳ್ಳಬೇಕು. ಒದ್ದೆ ರಸ್ತೆಯಲ್ಲಿ ಹಿಂಭಾಗ ಎತ್ತಲೋ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಅತ್ತೆ ಕೂತಿರುವ ಕಾರಿಗೆ ಅದು ಬೇಡ. ಮಾಮೂಲಿ ಡಿಫರೆನ್ಷಿಯಲ್ಲೇ ಇರಲಿ ಅಂತ ಆಯಿತು.

ಉಳಿದದ್ದು ಹಲ್ಲಿನ ಪ್ರಶ್ನೆ. ಮಾವನ ಮಗ ಪಟ್ಟು ಬಿಡಲಿಲ್ಲ. "ಅಪ್ಪ ಹೇಗೆ ಓಡಿಸ್ತಿದ್ರೋ ಹಾಗೇ ಇರಲಿ. ಅದೇ ಒರಿಜಿನಲ್." ಮಾವ ಫೋನನ್ನು ನನ್ನ ಕೈಯಿಂದ ತಗೊಂಡು ಬೊಮ್ಮಸಂದ್ರದ ಕಥೆಯನ್ನು ಅವನಿಗೂ ಹೇಳಿದರು, ಯಾರದ್ದೋ ಕಥೆ ಹೇಳುವ ಹಾಗೆ. ಅವು ಅವನು ಬಿ.ಇ. ಓದುತ್ತಿದ್ದ ವರ್ಷಗಳು. ಪ್ರತಿ ಸೆಮಿಸ್ಟರ್ ಫೀಸು ಸರಿಯಾದ ದಿನಕ್ಕೆ ಕಟ್ಟಿದ್ದ ಹುಡುಗ ಅವನು. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಕಾಲ್ ಕಟ್ ಆಯ್ತೇನೋ ಅಂತ ಮಾವ ಫೋನನ್ನು ತಿರುಗಿಸಿ ನೋಡಿದರು. "ಆ ಲೋಡ್ ಮುಗೀತಲ್ಲಪ್ಪ. ಇನ್ನೂ ಯಾಕೆ ಆ ಗೇರ್‌ನಲ್ಲಿ ಕೂಗಿಸ್ತೀಯ ಗಾಡೀನ? ಬದಲಾಯಿಸ್ಲಿ ಬಿಡು."

ನನ್ನ ಲೋಡ್ ಏನು ಅಂತ ನಾನೂ ಬರೆದು ನೋಡಿದೆ. ಆಫೀಸಿಗೆ ಮೆಟ್ರೋ ಇದೆ, ಟ್ರಾಫಿಕ್ಕಿನಲ್ಲಿ ಈ ಕಾರು ತೆಗೆಯುವುದೇ ಇಲ್ಲ. ಭಾನುವಾರ ಬೆಳಗ್ಗೆ ಪೀಣ್ಯಕ್ಕೆ ಹೋಗಿ ಮಾವ, ಅತ್ತೆಯನ್ನು ಹತ್ತಿಸಿಕೊಂಡು ತುಮಕೂರು ರಸ್ತೆಗೆ ಬೀಳುವುದು, ಇಷ್ಟೇ. ಮೂರು ಜನ, ಒಂದು ಬುತ್ತಿ. 10-39.

ಕೆಲಸ ನಡೆದದ್ದು ಮಾವನ ಶೆಡ್‌ನಲ್ಲೇ. ಒಂದು ಹಾಬಿಂಗ್ ಮಷೀನು ಮಾರಾಟವಾಗಿ ಅದಿದ್ದ ಜಾಗದಲ್ಲಿ ನಾಲ್ಕು ಬೋಲ್ಟಿನ ಗುಳಿಗಳು ಮಾತ್ರ ಉಳಿದಿದ್ದವು. ವರ್ಷದ ಕೊನೆಗೆ ಶೆಡ್ ಬಿಟ್ಟುಕೊಡುವುದು ಅಂತ ತೀರ್ಮಾನವಾಗಿದೆ. ಕ್ರೌನು-ಪಿನಿಯನ್ನು ಕೂರಿಸುವುದು ಬೋಲ್ಟ್ ಬಿಗಿಯುವ ಕೆಲಸವಲ್ಲ. ಹಲ್ಲುಗಳ ನಡುವಿನ ಸಡಿಲ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗ ಇರಬೇಕು. ಕಮ್ಮಿಯಾದರೆ ಬಿಸಿಯಾಗಿ ಕಚ್ಚಿಕೊಳ್ಳುತ್ತದೆ, ಜಾಸ್ತಿಯಾದರೆ ಬಡಿದುಕೊಳ್ಳುತ್ತದೆ. ಡಯಲ್ ಗೇಜ್ ನಾನು ಓದಿದೆ, ಎಷ್ಟು ದಪ್ಪದ ಶಿಮ್ ಹಾಕಬೇಕು ಅಂತ ಮಾವ ಹೇಳಿದರು. ಹಲ್ಲಿಗೆ ನೀಲಿ ಬಣ್ಣ ಸವರಿ ತಿರುಗಿಸಿ, ಅಚ್ಚು ಹಲ್ಲಿನ ತುದಿಗೆ ಬಂತೋ ಬುಡಕ್ಕೆ ಬಂತೋ ನೋಡುವುದು. ಬಿಚ್ಚುವುದು, ಶಿಮ್ ಬದಲಾಯಿಸುವುದು, ಮತ್ತೆ ನೋಡುವುದು. ಅಚ್ಚು ನಡುವಿಗೆ ಬಂದಾಗ ಸಂಜೆ ಆರೂವರೆ. ಮಾವ ಬೆರಳಿನಿಂದ ಮುಟ್ಟಿ ನೋಡಿ "ಸಾಕು" ಅಂದರು. ಹೈಪಾಯ್ಡ್ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಜಾರಿಕೊಂಡು ಉಜ್ಜುತ್ತವೆ. ಅದಕ್ಕೆ ಜಿಎಲ್-5 ದರ್ಜೆಯ ಎಣ್ಣೆಯೇ ಬೇಕು. ಅದನ್ನು ತುಂಬಿದೆವು.

ನಮ್ಮಲ್ಲಿ ಎಷ್ಟೋ ಜನ ಈಗ ಎಲೆಕ್ಟ್ರಿಕ್ ಕಾರು ಕೊಂಡಿದ್ದಾರೆ. ಅದರಲ್ಲೂ ಡಿಫರೆನ್ಷಿಯಲ್ ಇದೆ, ಅಲ್ಲೂ ಹಲ್ಲಿನ ಲೆಕ್ಕ ಇದೆ. ಆದರೆ ಆ ಲೆಕ್ಕವನ್ನು ಕಂಪನಿ ಮಾಡಿ ಮುಚ್ಚಿ ಕಳಿಸಿರುತ್ತದೆ. ನಿನ್ನ ಲೋಡ್ ಏನಮ್ಮ ಅಂತ ಯಾರೂ ಕೇಳುವುದಿಲ್ಲ.

ಮುಂದಿನ ಭಾನುವಾರ ದೇವರಾಯನದುರ್ಗಕ್ಕೆ ಹೊರಟೆವು. ನೆಲಮಂಗಲ ದಾಟಿ ಐದನೇ ಗೇರಿಗೆ ಹಾಕಿದಾಗ ಮಾವ ಕಿಟಕಿ ಏರಿಸಿ ಕಿವಿ ಕೊಟ್ಟರು. "ಸದ್ದೇ ಇಲ್ವಲ್ಲಮ್ಮ, ಗಾಡಿ ಆಫ್ ಆಯ್ತಾ?" ಅತ್ತೆ ಹಿಂದೆ ನಿದ್ದೆ ಹೋಗಿದ್ದರು. ಆದರೆ ಶೇ 14 ಎಲ್ಲಿ ಹೋಯಿತು ಅನ್ನುವುದು ಊರ್ಡಿಗೆರೆ ದಾಟಿ ಬೆಟ್ಟದ ಏರು ಶುರುವಾದಾಗ ಗೊತ್ತಾಯಿತು. ಮೂರನೇ ಗೇರಿನಲ್ಲಿ ಗಾಡಿ ಏದುಸಿರು ಬಿಟ್ಟಿತು. ಮಾವ ರಸ್ತೆ ನೋಡುತ್ತಲೇ, "ಎರಡಕ್ಕೆ ಹಾಕು. ಗೇರ್‌ಬಾಕ್ಸ್ ಇರೋದು ಅದಕ್ಕೇ" ಅಂದರು. ಹಾಕಿದೆ, ಹತ್ತಿತು.

ಎಂಟುನೂರು ಕಿ.ಮೀ. ಆದ ಮೇಲೆ ಎಣ್ಣೆ ಬದಲಾಯಿಸಿದೆ. ಹಳೇ ಎಣ್ಣೆಯಲ್ಲಿ ನುಣ್ಣನೆಯ ಬೂದು ಕೆಸರು ಇತ್ತು, ಚೂರು ಒಂದೂ ಇರಲಿಲ್ಲ. ಹಲ್ಲು ಹೊಂದಿಕೊಂಡಿವೆ. 9-41 ಜೋಡಿ ಈಗ ವೈಟ್‌ಫೀಲ್ಡಿನಲ್ಲಿ ನನ್ನ ಅಟ್ಟದ ಮೇಲಿದೆ, ಎಣ್ಣೆ ಪೇಪರಿನಲ್ಲಿ, ಎರಡೂ ಒಂದೇ ಚೀಲದಲ್ಲಿ. ಮಾರುವ ಯೋಚನೆ ಇಲ್ಲ. ನಿಜವಾಗಿ ಬೇಕಾದವರು ಬಂದರೆ ಕೊಡೋಣ, ದುಡ್ಡಿನ ಮಾತು ಆಮೇಲೆ. ಮೊದಲು ಅವರ ಲೋಡ್ ಏನು ಅಂತ ಕೇಳಬೇಕು.